ಉಣ್ಣೆ ಹೊದ್ದ ಹಳದಿ ಹೂ: ಕೆಸರು ಕಂಡಲ್ಲಿ ಅದರ ಊರು

ಪ್ರಶ್ನೆ: ಮಗಳು ಕೆನಡಾದ ವಿನಿಪೆಗ್‌ನಲ್ಲಿದ್ದಾಳೆ. ಆಗಸ್ಟ್ ಮೊದಲ ವಾರ ಅವಳ ಜೊತೆ ಹಡ್ಸನ್ ಕೊಲ್ಲಿಯ ದಡದ ಚರ್ಚಿಲ್ ಊರಿಗೆ ಬಿಳಿ ತಿಮಿಂಗಿಲ ನೋಡಲು ಹೋಗಿದ್ದೆವು. ಅಲ್ಲಿ ಕೆಸರಿನ ನಡುವೆ ಮೊಣಕಾಲೆತ್ತರದ ಒಂದು ಗಿಡ ಕಂಡೆ. ಮೈತುಂಬ ಉಣ್ಣೆ, ತಲೆ ಮೇಲೆ ಹಳದಿ ಹೂವಿನ ಗೊಂಚಲು. ಗೈಡ್ ‘ಮ್ಯಾಸ್ಟೊಡಾನ್ ಫ್ಲವರ್’ ಅಂದ. ಅಂಗಡಿಯಲ್ಲಿ ಕೊಂಡ ಪುಸ್ತಕದಲ್ಲಿ ‘ಸೆನೆಸಿಯೊ ಕಂಜೆಸ್ಟಸ್’ ಅಂತಿದೆ. ಮಗಳ ಫೋನ್ ‘ಟೆಫ್ರೊಸೆರಿಸ್ ಪಲುಸ್ಟ್ರಿಸ್’ ಅಂತ ತೋರಿಸಿತು. ಯಾವುದು ಸರಿ? ಆ ಉಣ್ಣೆ ಚಳಿಗೇನಾ? ಅದು ಬೇರೆ ಎಲ್ಲೆಲ್ಲಿ ಬೆಳೆಯುತ್ತದೆ? ಅಲ್ಲಿಯವರು ಅದನ್ನು ತಿನ್ನುತ್ತಾರಂತೆ, ನಿಜವಾ? ಸ್ವಲ್ಪ ಬೀಜ ಟಿಶ್ಯೂ ಪೇಪರಿನಲ್ಲಿ ಸುತ್ತಿ ಇಟ್ಟುಕೊಂಡಿದ್ದೇನೆ. ಅಕ್ಟೋಬರಿನಲ್ಲಿ ವಾಪಸ್ ಬರುವಾಗ ತಂದರೆ ಮಡಿಕೇರಿಯ ನಮ್ಮ ಮನೆಯಲ್ಲಿ ಬೆಳೆದೀತಾ?

ಉತ್ತರ: ಮೂರೂ ಸರಿ. ಗೈಡ್ ಹೇಳಿದ್ದು ಊರ ಮಂದಿಯ ಹೆಸರು. ಪುಸ್ತಕದಲ್ಲಿರುವುದು ಹಳೆಯ ವೈಜ್ಞಾನಿಕ ಹೆಸರು. ಫೋನ್ ತೋರಿಸಿದ್ದು ಈಗ ನಡೆಯುತ್ತಿರುವ ಹೆಸರು. ಗಿಡ ಮಾತ್ರ ಒಂದೇ.

ಪತ್ರದ ಜೊತೆ ನೀವು ಕಳಿಸಿದ ಫೋಟೊಗಳಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಮೂರನೆಯದು. ಹೂವನ್ನು ಬದಿಯಿಂದ ತೆಗೆದದ್ದು, ಸ್ವಲ್ಪ ಮಸುಕಾಗಿದೆ. ಎಲ್ಲರೂ ಹೂವನ್ನು ಎದುರಿನಿಂದ ತೆಗೆಯುತ್ತಾರೆ. ಈ ಗಿಡದ ಕುಟುಂಬದಲ್ಲಿ ಎದುರಿನಿಂದ ನೋಡಿದರೆ ಅರ್ಧಕ್ಕರ್ಧ ಗಿಡಗಳು ಒಂದೇ ಥರ ಕಾಣುತ್ತವೆ. ಗುಟ್ಟು ಇರುವುದು ಹೂವಿನ ಕೆಳಗೆ.

ಇದು ಸೇವಂತಿಗೆ, ಸೂರ್ಯಕಾಂತಿ, ಚೆಂಡು ಹೂವಿನ ಕುಟುಂಬ, ಅಂದರೆ ಆಸ್ಟರೇಸಿ. ಹುಚ್ಚೆಳ್ಳು ಇದೇ ಕುಟುಂಬ, ರಸ್ತೆ ಬದಿಯ ಕಾಂಗ್ರೆಸ್ ಗಿಡವೂ ಇದೇ ಕುಟುಂಬ. ಇವುಗಳಲ್ಲಿ ನಾವು ಒಂದು ಹೂ ಅಂತ ಕರೆಯುವುದು ನಿಜಕ್ಕೂ ಒಂದು ಹೂವಲ್ಲ. ಹತ್ತಾರು ಕಿರುಹೂಗಳು ಒಂದು ತಟ್ಟೆಯಲ್ಲಿ ಒತ್ತೊತ್ತಾಗಿ ಕೂತಿರುತ್ತವೆ. ಸೂರ್ಯಕಾಂತಿ ತೆನೆಯಲ್ಲಿ ಒಂದೊಂದು ಕಿರುಹೂವಿಗೂ ಒಂದೊಂದು ಕಾಳು ಕಟ್ಟುತ್ತದಲ್ಲ, ಹಾಗೆ. ನಿಮ್ಮ ಗಿಡದಲ್ಲಿ ಅಂಚಿನ ಕಿರುಹೂಗಳು ಎಸಳಿನಂತೆ ಚಾಚಿಕೊಂಡಿವೆ. ಅವು ಸಾಮಾನ್ಯವಾಗಿ 13ರಿಂದ 21 ಇರುತ್ತವೆ. ಬಣ್ಣ ತಿಳಿ ಹಳದಿ, ಉದ್ದ ಒಂದು ಸೆಂಟಿಮೀಟರಿಗಿಂತ ಕಡಿಮೆ. ನಡುವೆ ಇರುವ ಕೊಳವೆಯಂಥ ಕಿರುಹೂಗಳೂ ಹಳದಿಯೇ.

ಈಗ ತಟ್ಟೆಯ ಕೆಳಗೆ ನೋಡಿ. ಹೂಗೊಂಚಲನ್ನು ಹಿಡಿದುಕೊಂಡ ಹಾಗೆ ಸಣ್ಣ ಹಸಿರು ಪಟ್ಟಿಗಳಿವೆ. ಸುಮಾರು 21, ಒಂದೇ ಸಾಲು, ಎಲ್ಲ ಒಂದೇ ಉದ್ದ. ಸೆನೆಸಿಯೊ ಕುಲದ (ವೈಜ್ಞಾನಿಕ ಹೆಸರಿನ ಮೊದಲ ಪದವೇ ಕುಲದ ಹೆಸರು) ಗಿಡಗಳಲ್ಲಿ ಈ ಸಾಲಿನ ಬುಡಕ್ಕೆ ಇನ್ನೂ ಪುಟ್ಟ ಪುಟ್ಟ ಪಟ್ಟಿಗಳು ಅಂಟಿಕೊಂಡಿರುವುದು ವಾಡಿಕೆ. ಇಲ್ಲಿ ಅವು ಇಲ್ಲ. ನಿಮ್ಮ ಮಸುಕು ಫೋಟೊದಲ್ಲೂ ಅದು ಸ್ಪಷ್ಟವಾಗಿದೆ. ಸೆನೆಸಿಯೊದಿಂದ ಟೆಫ್ರೊಸೆರಿಸ್ ಬೇರೆಯಾಗುವುದಕ್ಕೆ ಇರುವ ಗುರುತುಗಳಲ್ಲಿ ಇದೂ ಒಂದು.

ಉಳಿದ ಭಾಗ ಬೇಗ ಹೇಳಿಬಿಡುತ್ತೇನೆ. ಕಾಂಡ ಸಾಮಾನ್ಯವಾಗಿ ಒಂದೇ, ನೆಟ್ಟಗೆ, ಒಳಗೆ ಟೊಳ್ಳು. ಮುರಿದರೆ ಹರಳು ಗಿಡದ ಎಲೆದಂಟು ನೆನಪಾಗುತ್ತದೆ. ಬುಡದ ಎಲೆಗಳು ಹೂ ಬಿಡುವ ಹೊತ್ತಿಗೆ ಒಣಗಿ ಹೋಗುವುದೇ ಹೆಚ್ಚು. ಮೇಲಿನ ಎಲೆಗಳಿಗೆ ತೊಟ್ಟಿಲ್ಲ, ನೇರ ಕಾಂಡವನ್ನೇ ತಬ್ಬಿಕೊಂಡಿರುತ್ತವೆ. ಉದ್ದ 5ರಿಂದ 15 ಸೆಂಟಿಮೀಟರ್. ಅಂಚು ಕೆಲವದರಲ್ಲಿ ಅಲೆಅಲೆ, ಕೆಲವದರಲ್ಲಿ ಒರಟು ಹಲ್ಲು, ಕೆಲವದರಲ್ಲಿ ಸೀಳು. ಒಂದೇ ಕೊಳದ ದಡದಲ್ಲಿ ಮೂರೂ ಥರ ಸಿಗುತ್ತವೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬೇರು ನಾರುನಾರು. ಆಳಕ್ಕೆ ಇಳಿಯುವುದಿಲ್ಲ, ಕೆಸರಿನಿಂದ ಎಳೆದರೆ ಸಲೀಸಾಗಿ ಬರುತ್ತದೆ.

ಎತ್ತರದ ವಿಷಯಕ್ಕೆ ಮಾತ್ರ ಸ್ವಲ್ಪ ನಿಲ್ಲಬೇಕು. ಹೆಸರಿನ ಗೊಂದಲ ಹುಟ್ಟಿದ್ದೇ ಅಲ್ಲಿಂದ. ಕೆನಡಾದ ಹುಲ್ಲುಗಾವಲು ಸೀಮೆಯಲ್ಲಿ ಈ ಗಿಡ ಸೊಂಟದ ಮಟ್ಟಕ್ಕೂ ಬರುತ್ತದೆ. ಹೂಗಳು ಕವಲೊಡೆದು ಸಡಿಲವಾಗಿ ಹರಡಿಕೊಂಡಿರುತ್ತವೆ, ಮೈಮೇಲೆ ಕೂದಲು ಕಡಿಮೆ. ಉತ್ತರಕ್ಕೆ ಹೋದಂತೆ ಗಿಡ ಕುಗ್ಗುತ್ತದೆ. ಆರ್ಕ್ಟಿಕ್ ದ್ವೀಪಗಳಲ್ಲಿ ಅದು ಒಂದು ಗೇಣು ಇದ್ದರೆ ಹೆಚ್ಚು. ಹೂಗಳೆಲ್ಲ ಒಂದಕ್ಕೊಂದು ಅಂಟಿ ಒಂದೇ ಉಂಡೆ. ಆ ಉಂಡೆ ಪೂರ್ತಿ ಉಣ್ಣೆಯಲ್ಲಿ ಮುಳುಗಿರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ಗಿಡ ಅಂತ ಯಾರೂ ನಂಬುವುದಿಲ್ಲ. ಚರ್ಚಿಲ್ ಇರುವುದು ಕಾಡು ಮುಗಿದು ಮರವಿಲ್ಲದ ಬಯಲು ಶುರುವಾಗುವ ಗಡಿಯಲ್ಲಿ. ನೀವು ನೋಡಿದ ಗಿಡವೂ ಹಾಗೇ ನಡುವಿನದು, ಮೊಣಕಾಲೆತ್ತರ.

ಯುರೋಪಿನ ಎತ್ತರದ ಗಿಡಕ್ಕೆ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲೇ ಹೆಸರಿಟ್ಟಿದ್ದ. ‘ಪಲುಸ್ಟ್ರಿಸ್’ ಎಂಬ ಪದ ಅವನದು, ಅಂದರೆ ಜೌಗು ನೆಲದ್ದು. ಕುಲದ ಹೆಸರು ಮಾತ್ರ ಆಗ ಬೇರೆ ಇತ್ತು. ಮುಂದೆ 1819–20ರಲ್ಲಿ ಬ್ರಿಟಿಷ್ ನೌಕಾಧಿಕಾರಿ ವಿಲಿಯಂ ಪ್ಯಾರಿಯ ಹಡಗುಗಳು ಅಮೆರಿಕದ ಉತ್ತರಕ್ಕೆ ಸಮುದ್ರದಾರಿ ಹುಡುಕುತ್ತ ಹೋಗಿ ಆರ್ಕ್ಟಿಕ್‌ನ ಮೆಲ್ವಿಲ್ ದ್ವೀಪದಲ್ಲಿ ಹಿಮಕ್ಕೆ ಸಿಕ್ಕಿಕೊಂಡವು. ಇಡೀ ಚಳಿಗಾಲ ಅಲ್ಲೇ ಕಳೆದರು. ಬೇಸಿಗೆ ಬಂದಾಗ ಅಧಿಕಾರಿಗಳು ಸುತ್ತಮುತ್ತಲ ಗಿಡ ಕಿತ್ತು ಒಣಗಿಸಿ ತಂದರು. ಆ ಕಂತೆ ಲಂಡನ್ನಿನಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಕೈಗೆ ಬಂತು. ಇದರಲ್ಲಿದ್ದ ಗಿಡ್ಡ ಉಣ್ಣೆಯುಂಡೆಗೆ ಅವನು 1823ರಲ್ಲಿ ‘ಕಂಜೆಸ್ಟಾ’ ಎಂದು ಹೆಸರಿಟ್ಟ. ಒತ್ತಾಗಿ ಕೂಡಿಕೊಂಡದ್ದು ಅಂತ ಅರ್ಥ.

ಎರಡೂ ಒಂದೇ ಜಾತಿ ಅಂತ ಆಮೇಲೆ ಒಪ್ಪಿಕೊಂಡರು. ಹಾಗಾದರೆ ಹಳೆಯ ಹೆಸರೇ ನಿಲ್ಲಬೇಕಿತ್ತು ಅಲ್ವಾ? ಗಿಡವನ್ನು ಸೆನೆಸಿಯೊ ಕುಲಕ್ಕೆ ಸೇರಿಸಿದಾಗ ಒಂದು ತೊಡಕಾಯಿತು. ಆ ಕುಲದಲ್ಲಿ ‘ಪಲುಸ್ಟ್ರಿಸ್’ ಹೆಸರು ಆಗಲೇ ಬೇರೊಂದು ಗಿಡಕ್ಕೆ ಹೋಗಿತ್ತು. ಒಂದೇ ಕುಲದಲ್ಲಿ ಒಂದೇ ಹೆಸರಿನ ಇಬ್ಬರು ಇರುವಂತಿಲ್ಲ. ಹಾಗಾಗಿ ‘ಸೆನೆಸಿಯೊ ಕಂಜೆಸ್ಟಸ್’ ಆಯಿತು, ಬಹಳ ವರ್ಷ ಅದೇ ನಡೆಯಿತು. ನಿಮ್ಮ ಪುಸ್ತಕದಲ್ಲಿರುವುದು ಅದೇ. ಈಗ ಗಿಡವನ್ನು ಟೆಫ್ರೊಸೆರಿಸ್ ಕುಲಕ್ಕೆ ಸೇರಿಸಿದ್ದಾರೆ. ಅಲ್ಲಿ ‘ಪಲುಸ್ಟ್ರಿಸ್’ ಖಾಲಿ ಇತ್ತು, ಲಿನೇಯಸ್ ಕೊಟ್ಟ ಪದ ವಾಪಸ್ ಬಂತು. ಆರ್ಕ್ಟಿಕ್ ಗಿಡಗಳ ಮೇಲೆ ಕೆಲಸ ಮಾಡುವವರು ಆ ಉತ್ತರದ ಗಿಡ್ಡ ರೂಪವನ್ನು ‘ಕಂಜೆಸ್ಟಾ’ ಎಂಬ ಉಪಜಾತಿಯಾಗಿ ಇಟ್ಟುಕೊಳ್ಳುವುದೂ ಉಂಟು. ಹೆಸರು ಬದಲಾಯಿಸುತ್ತಾರೆ ಅಂತ ನಮ್ಮನ್ನು ಬಯ್ಯುವವರಿಗೆ ಈ ಕಥೆ ಹೇಳುತ್ತಿರುತ್ತೇನೆ. ಇಲ್ಲಿ ಹೊಸ ಹೆಸರೇ ಹಳೆಯದು.

ಅರ್ಥಗಳೂ ಚೆನ್ನಾಗಿವೆ. ಗ್ರೀಕಿನಲ್ಲಿ ‘ಟೆಫ್ರೋಸ್’ ಅಂದರೆ ಬೂದಿ ಬಣ್ಣ, ‘ಸೆರಿಸ್’ ಒಂದು ಬಗೆಯ ಸೊಪ್ಪು. ‘ಸೆನೆಸಿಯೊ’ ಬಂದದ್ದು ಲ್ಯಾಟಿನ್ನಿನ ‘ಸೆನೆಕ್ಸ್’ ಪದದಿಂದ, ಮುದುಕ ಅಂತ. ಬೀಜದ ಬಿಳಿ ಎಳೆಗಳನ್ನು ನೋಡಿ ಇಟ್ಟದ್ದು. ಗಾಳಿಯಲ್ಲಿ ತೇಲಿ ಬರುವ ಇಂಥ ಬೀಜವನ್ನು ನಮ್ಮ ಮಕ್ಕಳು ಅಜ್ಜನ ಗಡ್ಡ ಅನ್ನುವುದಿಲ್ಲವೇ? ಮ್ಯಾಸ್ಟೊಡಾನ್ ಅಂದರೆ ಅಳಿದುಹೋದ, ಆನೆಯಂಥ ದೊಡ್ಡ ಪ್ರಾಣಿ. ಗಿಡದ ಮೈ ನೋಡಿದ ನಿಮಗೆ ಆ ಹೆಸರು ವಿವರಿಸಬೇಕಿಲ್ಲ.

ಇನ್ನು ಉಣ್ಣೆ. ನಾನು ಈ ಗಿಡವನ್ನು ಮೊದಲು ಕಂಡದ್ದು ಒಣಗಿಸಿ ಹಾಳೆಗೆ ಅಂಟಿಸಿದ ರೂಪದಲ್ಲಿ. ಕಂದು ಬಣ್ಣ, ಚಪ್ಪಟೆ, ಹಳೆಯ ಕಂಬಳಿಯ ತುಂಡಿನಂತೆ. ಏನೂ ವಿಶೇಷ ಅನ್ನಿಸಲಿಲ್ಲ. ಎಷ್ಟೋ ವರ್ಷದ ಮೇಲೆ ಅಲಾಸ್ಕದ ಫೇರ್‌ಬ್ಯಾಂಕ್ಸ್ ಹತ್ತಿರ ರಸ್ತೆ ಪಕ್ಕದ ಚರಂಡಿಯಲ್ಲಿ ಜೀವಂತ ಗಿಡ ಸಿಕ್ಕಿತು. ಬೆಳಗಿನ ಓರೆ ಬಿಸಿಲು ಬಿದ್ದು ಪೂರಾ ಗಿಡ ದೀಪ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಲೆನ್ಸ್ ಹಿಡಿದು ನೋಡಿದೆ. ದೂರಕ್ಕೆ ಬಿಳಿಯಾಗಿ ಕಾಣುವ ಕೂದಲು ಹತ್ತಿರದಿಂದ ಬಿಳಿಯಲ್ಲ. ಗಾಜಿನ ಎಳೆಯಂತೆ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

ಕೆಲಸ ನಡೆಯುವುದೇ ಅದರಿಂದ. ನಾವು ಹೊದೆಯುವ ಕಂಬಳಿ ನಮ್ಮ ಮೈಯ ಬಿಸಿಯನ್ನು ಹಿಡಿದಿಡುತ್ತದೆ. ಗಿಡಕ್ಕೆ ನಮ್ಮಂತೆ ಸ್ವಂತ ಬಿಸಿ ಇಲ್ಲ. ಅದು ಬಿಸಿಲಿನಿಂದ ಬರಬೇಕು. ಪಾರದರ್ಶಕ ಕೂದಲಿನ ಮೂಲಕ ಬಿಸಿಲು ಒಳಗೆ ಹೋಗಿ ಕಾಂಡವನ್ನೂ ಮೊಗ್ಗನ್ನೂ ಕಾಯಿಸುತ್ತದೆ. ಕೂದಲ ನಡುವೆ ಸಿಕ್ಕಿಕೊಂಡ ಗಾಳಿ ಅಲ್ಲಾಡುವುದಿಲ್ಲ, ಹಾಗಾಗಿ ಹೊರಗೆ ಬೀಸುವ ಗಾಳಿ ಆ ಬಿಸಿಯನ್ನು ಬೇಗ ಹೊತ್ತೊಯ್ಯಲಾರದು. ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸ್ ನೋಡಿದ್ದೀರಲ್ಲ, ಅದೇ ಉಪಾಯ. ಆರ್ಕ್ಟಿಕ್‌ನ ಬೇಸಿಗೆಯಲ್ಲಿ ಬಿಸಿಲಿಗೇನೂ ಬರವಿಲ್ಲ. ಮೆಲ್ವಿಲ್ ದ್ವೀಪದಲ್ಲಿ ವಾರಗಟ್ಟಲೆ ಸೂರ್ಯ ಮುಳುಗುವುದೇ ಇಲ್ಲ. ಬರ ಇರುವುದು ಶಾಖಕ್ಕೆ. ಕೆಲವೇ ವಾರಗಳಲ್ಲಿ ಹೂ ಬಿಟ್ಟು ಬೀಜ ಮಾಗಬೇಕು. ಆ ಹೊತ್ತಿನಲ್ಲಿ ಒಂದೆರಡು ಡಿಗ್ರಿ ಸಿಕ್ಕರೂ ದೊಡ್ಡದೇ. ದಕ್ಷಿಣದ ಗಿಡಗಳಲ್ಲಿ ಕೂದಲು ಕಡಿಮೆ ಎಂಬುದೂ ಇದಕ್ಕೆ ಹೊಂದುತ್ತದೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ ಹೌದು, ಆದರೆ ಅರ್ಧ ಮಾತ್ರ. ಉಣ್ಣೆ ಹಿಮಗಟ್ಟುವ ಚಳಿಯಿಂದ ಕಾಪಾಡುವ ಸ್ವೆಟರ್ ಅಲ್ಲ. ಚಳಿಗಾಲದ ಹೊತ್ತಿಗೆ ಆ ಹೂಬಿಟ್ಟ ಗಿಡ ಸತ್ತೇ ಹೋಗಿರುತ್ತದೆ. ಅದು ಬೇಸಿಗೆಯ ಬಿಸಿಲನ್ನು ಹಿಡಿಯುವ ಬಲೆ.

ಇದೇ ಉಪಾಯ ನಮ್ಮ ಹಿಮಾಲಯದಲ್ಲೂ ಇದೆ, ಅದೂ ಇದೇ ಕುಟುಂಬದಲ್ಲಿ. ಸಾಸೂರಿಯಾ ಗೊಸಿಪಿಫೊರಾ ಎಂಬ ಗಿಡ ಹತ್ತಿಯ ಉಂಡೆಯಂತೆ ಕಲ್ಲುಗಳ ನಡುವೆ ಕೂತಿರುತ್ತದೆ. ಅದರ ಹತ್ತಿರದ ನೆಂಟ ಬ್ರಹ್ಮಕಮಲ. ಅದಕ್ಕೆ ಉಣ್ಣೆಯಿಲ್ಲ, ಅದರ ಬದಲು ಹೂಗೊಂಚಲನ್ನು ಮುಚ್ಚಿಕೊಂಡ ತೆಳು ಹಾಳೆಯಂಥ ಎಲೆಗಳಿವೆ. ನಾನು ಹೇಳುತ್ತಿರುವುದು ಕೇದಾರನಾಥ ಕಡೆಯ ನಿಜವಾದ ಬ್ರಹ್ಮಕಮಲ. ನಮ್ಮ ಮನೆಗಳ ಕುಂಡದಲ್ಲಿ ರಾತ್ರಿ ಅರಳಿ, ಅಕ್ಕಪಕ್ಕದವರನ್ನೆಲ್ಲ ಕರೆಸಿ ಫೋಟೊ ತೆಗೆಸಿಕೊಳ್ಳುವುದು ಅಮೆರಿಕ ಖಂಡದಿಂದ ಬಂದ ಕಳ್ಳಿ ಜಾತಿಯ ಗಿಡ. ಇದನ್ನು ಹೇಳಿದಾಗಲೆಲ್ಲ ಯಾರಿಗಾದರೂ ಬೇಜಾರಾಗುತ್ತದೆ.

ಎಲ್ಲೆಲ್ಲಿ ಬೆಳೆಯುತ್ತದೆ ಅಂತ ಕೇಳಿದ್ದೀರಿ. ಭೂಪಟದಲ್ಲಿ ಉತ್ತರ ಧ್ರುವವನ್ನು ನಡುವೆ ಇಟ್ಟುಕೊಂಡು ಒಂದು ಸುತ್ತು ಹಾಕಿ. ಅಲಾಸ್ಕ, ಯೂಕಾನ್, ಕೆನಡಾದ ವಾಯವ್ಯ ಪ್ರಾಂತ್ಯ, ನುನಾವುಟ್‌ನ ದ್ವೀಪಗಳು, ಹಡ್ಸನ್ ಕೊಲ್ಲಿಯ ಸುತ್ತ, ಲ್ಯಾಬ್ರಡಾರ್ ವರೆಗೆ ಇದೆ. ಅಟ್ಲಾಂಟಿಕ್ ದಾಟಿದರೆ ಐಸ್‌ಲ್ಯಾಂಡ್‌ನಲ್ಲಿ ಇಲ್ಲ, ಸ್ವಾಲ್ಬಾರ್ಡ್‌ನಲ್ಲಿ ಇಲ್ಲ. ಆಮೇಲೆ ಉತ್ತರ ರಷ್ಯದಿಂದ ಹಿಡಿದು ಸೈಬೀರಿಯದ ಉದ್ದಕ್ಕೂ ಚುಕೋಟ್ಕದ ತನಕ ಸಿಗುತ್ತದೆ. ಅಲ್ಲಿಂದ ಬೇರಿಂಗ್ ಜಲಸಂಧಿ ದಾಟಿದರೆ ಮತ್ತೆ ಅಲಾಸ್ಕ.

ಇಷ್ಟೇ ಆಗಿದ್ದರೆ ಆರ್ಕ್ಟಿಕ್ ಹೂ ಅಂತ ಒಂದು ಸಾಲಿನಲ್ಲಿ ಮುಗಿಸಬಹುದಿತ್ತು. ಆದರೆ ಇದೇ ಗಿಡ ದಕ್ಷಿಣಕ್ಕೂ ಇಳಿದಿದೆ. ಅಮೆರಿಕದ ಉತ್ತರ ಡಕೋಟ, ಮಿನ್ನೆಸೋಟ, ಅಯೋವಗಳಲ್ಲಿದೆ. ಮಂಗೋಲಿಯದಲ್ಲಿದೆ, ಉತ್ತರ ಚೀನಾದಲ್ಲಿದೆ. ಯುರೋಪಿನಲ್ಲಿ ಪೋಲೆಂಡ್, ಉತ್ತರ ಜರ್ಮನಿ, ಡೆನ್ಮಾರ್ಕ್, ನೆದರ್ಲೆಂಡ್ಸ್‌ಗಳಲ್ಲಿದೆ. ನೆದರ್ಲೆಂಡ್ಸ್‌ನಲ್ಲಿ ಎಲ್ಲಿಯ ಆರ್ಕ್ಟಿಕ್? ಇಂಗ್ಲೆಂಡಿನ ಪೂರ್ವದ ಜೌಗು ಸೀಮೆಯಲ್ಲೂ ಇತ್ತು. ಆ ಜೌಗನ್ನೆಲ್ಲ ಕಾಲುವೆ ತೋಡಿ ಒಣಗಿಸಿ ಹೊಲ ಮಾಡಿದರು. 19ನೆಯ ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿ ಗಿಡ ಅಳಿದುಹೋಯಿತು.

ಹಾಗಾದರೆ ಇವೆಲ್ಲ ಜಾಗಗಳಿಗೂ ಸಮನಾಗಿ ಇರುವುದೇನು? ಚಳಿಯಲ್ಲ. ಹಸಿ ಕೆಸರು. ಅದೂ ಬರಿಯ ಕೆಸರು, ಮೇಲೆ ಬೇರೆ ಹುಲ್ಲು ಕಡ್ಡಿ ಇಲ್ಲದ್ದು. ಈ ಗಿಡದ ಬದುಕು ಇರುವುದೇ ಆ ಒಂದು ಸಂಗತಿಯ ಮೇಲೆ. ಉಣ್ಣೆಗಿಂತ ನನಗೆ ಇದೇ ಜಾಸ್ತಿ ಕುತೂಹಲದ ವಿಷಯ.

ನೋಡಿ, ಆರ್ಕ್ಟಿಕ್‌ನ ಬಹುಪಾಲು ಗಿಡಗಳು ಹಲವು ವರ್ಷ ಬಾಳುವಂಥವು. ನೆಲಕ್ಕೆ ಕಚ್ಚಿಕೊಂಡು, ವರ್ಷಕ್ಕೆ ಒಂದಿಷ್ಟು ಬೆಳೆದು, ಕೂಡಿಟ್ಟು ಬದುಕುತ್ತವೆ. ಬೀಜದಿಂದ ಶುರುವಾಗಿ ಬೀಜ ಕೊಟ್ಟು ಬೇಗ ಸಾಯುವ ಗಿಡಗಳು ಅಲ್ಲಿ ಬಲು ಅಪರೂಪ. ಒಂದು ಬೇಸಿಗೆ ಕೆಟ್ಟರೆ ಎಲ್ಲ ಹೋಯಿತಲ್ಲ. ನಿಮ್ಮ ಗಿಡ ಆ ಅಪರೂಪದ ಗುಂಪಿನದು. ಒಂದು ವರ್ಷ, ಹೆಚ್ಚೆಂದರೆ ಎರಡು. ಮೊದಲು ನೆಲಕ್ಕಂಟಿದ ಎಲೆಗಳ ಚಕ್ರ. ಆಮೇಲೆ ಒಂದೇ ಉಸಿರಿಗೆ ಕಾಂಡ, ಹೂ, ಬೀಜ. ಬೀಜ ಹಾರಿದ ಮೇಲೆ ಗಿಡ ಸಾಯುತ್ತದೆ.

ಬೀಜವೂ ಅದಕ್ಕೆ ತಕ್ಕಂತಿದೆ. ಸಣ್ಣದು, ಹಗುರ, ತಲೆ ಮೇಲೆ ಬಿಳಿ ಎಳೆಗಳ ಕುಚ್ಚು. ಹೂ ಬಾಡಿದ ಮೇಲೂ ಆ ಎಳೆಗಳು ಬೆಳೆಯುತ್ತಲೇ ಹೋಗಿ ಹಸಿರು ಪಟ್ಟಿಗಳ ಸಾಲನ್ನು ಮೀರಿ ಹೊರಗೆ ಉಕ್ಕುತ್ತವೆ. ನಿಮ್ಮ ನಾಲ್ಕನೆಯ ಫೋಟೊದಲ್ಲಿ ಹತ್ತಿಯುಂಡೆಯಂತೆ ಕಾಣುವುದು ಅದೇ. ಉಣ್ಣೆ ಬೇರೆ, ಇದು ಬೇರೆ. ಈ ಹಂತದಲ್ಲಿ ದೂರದಿಂದ ನೋಡಿದವರು ಹತ್ತಿಹುಲ್ಲು ಅಂತ ಮೋಸ ಹೋಗುತ್ತಾರೆ. ಹತ್ತಿಹುಲ್ಲು ಟಂಡ್ರಾದಲ್ಲಿ ಎಲ್ಲೆಲ್ಲೂ ಇದೆ, ಆದರೆ ಅದು ಜೇಕಿನ ಕುಟುಂಬದ್ದು. ಕಡ್ಡಿಯಂಥ ಕಾಂಡ, ಹುಲ್ಲಿನಂಥ ಎಲೆ. ಹತ್ತಿರ ಹೋದರೆ ಗೊಂದಲವೇ ಇಲ್ಲ.

ಹೀಗೆ ಹಾರಿದ ಬೀಜ ಬರಿಯ ಹಸಿ ಕೆಸರಿನ ಮೇಲೆ ಬಿದ್ದರೆ ಮೊಳೆಯುತ್ತದೆ. ಹುಲ್ಲಿನ ನಡುವೆ ಬಿದ್ದರೆ ಸೋಲು. ಮರವಿಲ್ಲದ ಉತ್ತರದಲ್ಲಿ ಬರಿಯ ಕೆಸರು ಎಲ್ಲಿಂದ ಬರಬೇಕು? ಬರುತ್ತದೆ. ಹಿಮ ಕರಗಿ ನದಿ ದಡ ಕೊಚ್ಚಿ ಹೋಗುತ್ತದೆ. ನೆಲದೊಳಗಿನ ಮಂಜುಗಡ್ಡೆ ಕರಗಿ ಹುಟ್ಟಿದ ಕೆರೆ ಒಂದು ದಿನ ಏರಿ ಒಡೆದು ಖಾಲಿಯಾಗುತ್ತದೆ. ರಾಸ್ ಮೆಕೇ ಎಂಬ ಕೆನಡಾದ ಭೂಗೋಳ ವಿಜ್ಞಾನಿ 1978ರ ಆಗಸ್ಟ್‌ನಲ್ಲಿ ಅಂಥ ಒಂದು ಕೆರೆಯನ್ನು ಬೇಕೆಂದೇ ಖಾಲಿ ಮಾಡಿಸಿದ. ಮೆಕೆಂಜಿ ನದೀಮುಖದ ಹತ್ತಿರ, ಇಲ್ಲಿಸಾರ್ವಿಕ್ ಎಂಬಲ್ಲಿ. ಸ್ಥಳೀಯ ಮಾತಿನಲ್ಲಿ ಕಲಿಯುವ ಜಾಗ ಅಂತ ಅರ್ಥ. ಕೆರೆಯ ತಳದಲ್ಲಿ ನೆಲ ಮತ್ತೆ ಹೇಗೆ ಹೆಪ್ಪುಗಟ್ಟುತ್ತದೆ ಅಂತ ನೋಡುವುದು ಅವನ ಉದ್ದೇಶ. ಆ ಬರಿಯ ತಳಕ್ಕೆ ಮೊದಲು ಬಂದು ನೆಲೆಸಿದ ಗಿಡಗಳಲ್ಲಿ ನಿಮ್ಮ ಉಣ್ಣೆ ಹೂವೂ ಒಂದು.

ಇದರ ದೊಡ್ಡ ಆಟ ನಡೆದದ್ದು ಮಾತ್ರ ಆರ್ಕ್ಟಿಕ್‌ನಲ್ಲಿ ಅಲ್ಲ, ನೆದರ್ಲೆಂಡ್ಸ್‌ನಲ್ಲಿ. ಡಚ್ಚರು 1932ರಲ್ಲಿ ಅಡ್ಡಗಟ್ಟೆ ಕಟ್ಟಿ ತಮ್ಮ ಒಳಸಮುದ್ರವನ್ನು ಮುಚ್ಚಿಬಿಟ್ಟರು. ಆಮೇಲೆ ಒಂದೊಂದೇ ಭಾಗಕ್ಕೆ ಒಡ್ಡು ಹಾಕಿ ನೀರು ಪಂಪ್ ಮಾಡಿ ತೆಗೆದರು. ಪೂರ್ವ ಫ್ಲೆವೊಲ್ಯಾಂಡ್ 1957ರಲ್ಲಿ ನೀರಿನಿಂದ ಹೊರಬಂತು. ಹತ್ತಾರು ಸಾವಿರ ಹೆಕ್ಟೇರ್ ಬರಿಯ ಕೆಸರು, ಒಂದೇ ಒಂದು ಹುಲ್ಲಿಲ್ಲ. ಈ ಗಿಡಕ್ಕೆ ಇನ್ನೇನು ಬೇಕು? ಕಣ್ಣು ಹಾಯುವ ತನಕ ಹಳದಿಯಾಯಿತು. ಬೀಜದ ಕಾಲಕ್ಕೆ ಬಿಳಿ ಎಳೆ ಮೋಡದಂತೆ ಎದ್ದು ಹಾರಿತು. ಡಿ. ಬಕ್ಕರ್ ಎಂಬ ಡಚ್ ವಿಜ್ಞಾನಿ ಇದರ ಮೇಲೆ 1960ರಲ್ಲಿ ದೊಡ್ಡ ಲೇಖನವನ್ನೇ ಬರೆದ. ಆದರೆ ಸಡಗರ ಹೆಚ್ಚು ಕಾಲ ಉಳಿಯಲಿಲ್ಲ. ಹೊಸ ನೆಲ ಬೇಗ ಒಣಗಲಿ, ಕಳೆ ಅಡಗಲಿ ಅಂತ ಡಚ್ಚರು ವಿಮಾನದಿಂದ ಜೊಂಡಿನ ಬೀಜ ಚೆಲ್ಲಿದ್ದರು. ಜೊಂಡು ತಲೆ ಎತ್ತರ ಬೆಳೆದು ನೆರಳು ಕವಿಯಿತು. ಕೆಲವೇ ವರ್ಷಗಳಲ್ಲಿ ಹಳದಿ ಮಾಯ.

ಡಚ್ ಭಾಷೆಯಲ್ಲಿ ಇದರ ಹೆಸರು ಮೂರಾಸ್‌ಆಂಡೈವಿ. ಜೌಗಿನ ಎಂಡೈವ್ ಸೊಪ್ಪು ಅಂತ. ಆ ಗ್ರೀಕ್ ‘ಸೆರಿಸ್’ ಕೂಡ ಅದೇ ಬಗೆಯ ಸೊಪ್ಪೇ.

ನಮ್ಮಲ್ಲೂ ಇಂಥದ್ದೇ ಬಾಳು ಬಾಳುವ ನೆಂಟರಿದ್ದಾರೆ. ಕೆರೆ ನೀರು ಇಳಿದು ಅಂಗಳ ಕಂಡಾಗ, ಭತ್ತ ಕೊಯ್ದ ಮೇಲೆ ಗದ್ದೆ ಇನ್ನೂ ಹಸಿಯಿರುವಾಗ ನೇರಳೆ ಗುಂಡುಗುಂಡು ಹೂವಿನ ಒಂದು ಗಿಡ ಎದ್ದು ಬರುತ್ತದೆ. ಆಯುರ್ವೇದದವರು ಮುಂಡಿ ಅನ್ನುತ್ತಾರೆ, ವೈಜ್ಞಾನಿಕ ಹೆಸರು ಸ್ಫೀರಾಂತಸ್ ಇಂಡಿಕಸ್. ಇದೇ ಕುಟುಂಬ. ನೀರು ತುಂಬಿದಾಗ ಇಲ್ಲ, ಪೂರ್ತಿ ಒಣಗಿದಾಗಲೂ ಇಲ್ಲ. ನಡುವಿನ ಆ ಕೆಲವು ವಾರ ಅದರದು.

ಈಗ ಮತ್ತೆ ಚರ್ಚಿಲ್‌ಗೆ ಬರೋಣ. ನೀವು ಪತ್ರದಲ್ಲಿ ಇನ್ನೊಂದು ಮಾತು ಬರೆದಿದ್ದೀರಿ. ಊರಿನಿಂದ ಪೂರ್ವಕ್ಕೆ ಹೋದಾಗ ಈ ಹೂ ರಾಶಿ ರಾಶಿ ಕಂಡಿತು, ಎಷ್ಟು ಸಮೃದ್ಧ ಜಾಗ ಅನ್ನಿಸಿತು ಅಂತ. ಅಲ್ಲಿ ನಾನು ನಿಮ್ಮ ಮಾತು ಒಪ್ಪುವುದಿಲ್ಲ. ಆ ರಾಶಿ ಗಾಯದ ಗುರುತು ಇರಬಹುದು.

ಚರ್ಚಿಲ್‌ನ ಪೂರ್ವಕ್ಕೆ ಲಾ ಪೆರೂಸ್ ಕೊಲ್ಲಿ ಇದೆ, ಈಗ ವಾಪುಸ್ಕ್ ರಾಷ್ಟ್ರೀಯ ಉದ್ಯಾನದ ಒಳಗೆ ಬರುತ್ತದೆ. ಅಲ್ಲಿ ಹಿಮಬಾತುಗಳು ಗೂಡು ಕಟ್ಟುತ್ತವೆ. 1960ರ ದಶಕದ ಕೊನೆಗೆ ಅವು ಕೆಲವೇ ಸಾವಿರ ಜೋಡಿ. 1990ರ ದಶಕದ ಕೊನೆಯ ಹೊತ್ತಿಗೆ ಹತ್ತಾರು ಸಾವಿರ ಜೋಡಿಯಾದವು. ಕಾರಣ ಇರುವುದು ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣದಲ್ಲಿ. ಈ ಹಕ್ಕಿಗಳು ಚಳಿಗಾಲ ಕಳೆಯುವ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲೂ ದಾರಿಯಲ್ಲೂ ಭತ್ತ, ಮೆಕ್ಕೆಜೋಳದ ಹೊಲಗಳು ಹೆಚ್ಚಿದವು. ಕೊಯ್ದ ಹೊಲದಲ್ಲಿ ಉದುರಿದ ಕಾಳು ತಿಂದು ಹಕ್ಕಿಗಳು ದಷ್ಟಪುಷ್ಟವಾದವು, ಸಾವು ಕಡಿಮೆಯಾಯಿತು. ವಸಂತದಲ್ಲಿ ಉತ್ತರಕ್ಕೆ ಬಂದು ಹುಲ್ಲು ಇನ್ನೂ ಚಿಗುರುವ ಮೊದಲೇ ಕೊಕ್ಕಿನಿಂದ ಬೇರನ್ನೇ ಅಗೆದು ತಿನ್ನುತ್ತವೆ. ಅಗೆದ ಜಾಗ ಬರಿಯ ಕೆಸರಾಗುತ್ತದೆ. ಸಮುದ್ರಕ್ಕೆ ಹತ್ತಿರವಿದ್ದರೆ ನೀರು ಆವಿಯಾಗಿ ಉಪ್ಪು ಮೇಲೆ ಬರುತ್ತದೆ, ಅಲ್ಲಿ ಹುಲ್ಲು ವರ್ಷಗಟ್ಟಲೆ ಮರಳುವುದಿಲ್ಲ. ಟೊರಾಂಟೊ ವಿಶ್ವವಿದ್ಯಾಲಯದ ರಾಬರ್ಟ್ ಜೆಫ್ರೀಸ್ ಮತ್ತು ಜೊತೆಗಾರರು ಇದನ್ನು ದಶಕಗಳ ಕಾಲ ಅಳೆದು ಬರೆದಿದ್ದಾರೆ. ಕಡಲಿನಿಂದ ಸ್ವಲ್ಪ ಒಳಗೆ, ಉಪ್ಪು ಅಷ್ಟಿಲ್ಲದ ಕಡೆ ಅಗೆದುಬಿಟ್ಟ ನೆಲಕ್ಕೆ ಯಾರು ಬರುತ್ತಾರೆ? ನಮ್ಮ ಉಣ್ಣೆ ಹೂವೇ. ಲೂಸಿಯಾನದ ಭತ್ತದ ಗದ್ದೆಗೂ ನೀವು ಕ್ಲಿಕ್ಕಿಸಿದ ಹಳದಿ ರಾಶಿಗೂ ಹೀಗೆ ಸಂಬಂಧ ಇರಲು ಸಾಧ್ಯ.

ತಿನ್ನುವ ವಿಷಯ. ಹೌದು, ಉತ್ತರದ ಮೂಲನಿವಾಸಿಗಳು ಎಳೆಯ ಎಲೆಯನ್ನೂ ಹೂದಂಟನ್ನೂ ಹಸಿಯಾಗಿ, ಬೇಯಿಸಿ, ಹುಳಿ ಬರಿಸಿ ತಿಂದದ್ದು ದಾಖಲಾಗಿದೆ. ತರಕಾರಿಯೇ ಬೆಳೆಯದ ನಾಡು ಅದು. ಆದರೆ ನೀವು ಬಾಯಿಗೆ ಹಾಕಬೇಡಿ. ಸೆನೆಸಿಯೊ ಮತ್ತು ಅದರ ನೆಂಟರಲ್ಲಿ ಪೈರೊಲಿಜಿಡಿನ್ ಆಲ್ಕಲಾಯ್ಡ್ ಎಂಬ ವಿಷಗಳಿರುತ್ತವೆ. ತಿಂದ ತಕ್ಷಣ ಏನೂ ಗೊತ್ತಾಗುವುದಿಲ್ಲ, ನಿಧಾನಕ್ಕೆ ಲಿವರ್ ಹಾಳು ಮಾಡುತ್ತವೆ. ಯಾವ ತಿಂಗಳು, ಯಾವ ಭಾಗ, ಎಷ್ಟು ಎಂಬ ತಿಳಿವಳಿಕೆ ಅಲ್ಲಿಯ ಜನರಿಗೆ ತಲೆಮಾರುಗಳಿಂದ ಬಂದದ್ದು. ಅದು ಪುಸ್ತಕದ ಒಂದು ಸಾಲಿನಲ್ಲಿ ನಮಗೆ ಸಿಗುವುದಿಲ್ಲ.

ಕೊನೆಗೆ ಟಿಶ್ಯೂ ಪೇಪರ್. ಬೀಜವನ್ನು ಮಡಿಕೇರಿಗೆ ತರಬೇಡಿ. ವಿದೇಶದ ಬೀಜ ಭಾರತಕ್ಕೆ ತರಲು ಮೊದಲೇ ಪರವಾನಗಿ ಬೇಕು. 2003ರ ಸಸ್ಯ ಕ್ವಾರಂಟೈನ್ ಆದೇಶ ಹಾಗೆ ಹೇಳುತ್ತದೆ, ಚಿಟಿಕೆಯಷ್ಟಿದ್ದರೂ ಅಷ್ಟೇ. ಸುಮ್ನೆ ಕಾನೂನಿಗಾಗಿ ಮಾತ್ರ ಹೇಳುತ್ತಿಲ್ಲ. ಕಾಂಗ್ರೆಸ್ ಗಿಡ 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದಾಗ ಯಾರೂ ಹೆದರಿರಲಿಲ್ಲ. ಈ ಉಣ್ಣೆ ಹೂ ನಮ್ಮ ಹವೆಯಲ್ಲಿ ಹಾಗೆ ಹಬ್ಬುತ್ತದೆ ಅಂತ ನಾನು ಹೇಳುವುದಿಲ್ಲ, ಬದುಕುವುದೇ ಕಷ್ಟ. ಅದಕ್ಕೆ ಬೇಕಾದ ಚಳಿಗಾಲವೂ ಇಲ್ಲ, ಉತ್ತರದ ಉದ್ದ ಹಗಲೂ ಇಲ್ಲ. ಹೇಗೋ ಮೊಳೆತರೂ ಮಡಿಕೇರಿಯ ಮಳೆಯಲ್ಲಿ ಆ ಉಣ್ಣೆ ಒದ್ದೆ ಬಟ್ಟೆಯಂತಾಗಿ ಕೊಳೆಯುತ್ತದೆ.

ಆದರೆ ಗಿಡ ಮತ್ತೆ ನೋಡಲು ನೀವು ಚರ್ಚಿಲ್‌ಗೇ ಹೋಗಬೇಕು ಅಂತೇನಿಲ್ಲ. ಮಗಳಿರುವ ವಿನಿಪೆಗ್ ಇದರ ಸ್ವಂತ ಸೀಮೆಯೇ. ಅಲ್ಲಿಂದ ಪಶ್ಚಿಮಕ್ಕೆ ಕಾರಿನಲ್ಲಿ ಒಂದೂವರೆ ಗಂಟೆ ಹೋದರೆ, ಮ್ಯಾನಿಟೋಬ ಸರೋವರದ ದಕ್ಷಿಣ ತುದಿಯಲ್ಲಿ ಡೆಲ್ಟಾ ಮಾರ್ಷ್ ಎಂಬ ದೊಡ್ಡ ಜೌಗು ಇದೆ. 1980ರ ದಶಕದಲ್ಲಿ ಅಲ್ಲಿ ಸಂಶೋಧಕರು ನೀರು ಇಳಿಸಿ ಕೆಸರಿನಲ್ಲಿ ಏನೇನು ಮೊಳೆಯುತ್ತದೆ ಅಂತ ನೋಡಿದಾಗ ಈ ಗಿಡವೂ ಎದ್ದಿತ್ತು. ಮಗಳಿಗೆ ಹೇಳಿ, ಜೂನ್ ಹೊತ್ತಿಗೆ ನೋಡಲಿ. ನೀರು ತುಂಬಿದ ವರ್ಷ ಹೋದರೆ ಏನೂ ಸಿಗುವುದಿಲ್ಲ. ಮಳೆ ಕಡಿಮೆಯಾಗಿ ಕೊಳಗಳು ಇಳಿದ ವರ್ಷ ಹೋಗಬೇಕು, ಜೊಂಡು ಬಿಟ್ಟು ಬರಿಯ ಕೆಸರಿನ ಅಂಚು ಹುಡುಕಬೇಕು. ಅಲ್ಲಿಯದು ಎತ್ತರದ, ಕೂದಲು ಕಡಿಮೆಯ ರೂಪ, ಮೊದಲ ನೋಟಕ್ಕೆ ಅದೇ ಗಿಡ ಅನ್ನಿಸದಿರಬಹುದು. ಫೋಟೊ ತೆಗೆದರೆ ಒಂದನ್ನಾದರೂ ಬದಿಯಿಂದ ತೆಗೆಯಲಿ, ಆ ಹಸಿರು ಪಟ್ಟಿಗಳು ಕಾಣುವ ಹಾಗೆ.